ನೋಡಿದ್ದು ಮರೆತೀತು, ಕೂಡಿ ಮಾಡಿದ್ದು ಉಳಿದೀತು
ಮೊಬೈಲಿನಲ್ಲಿ ದೊಡ್ಡವರ ಪಾಠ: ಗಡಿನಾಡಿನ ಕನ್ನಡಿಗರು ಮಾಡಬಹುದಾದ್ದೇನು?

ಕಾಸರಗೋಡು: ಮನೆಯಲ್ಲಿ ಎರಡು ಮೊಬೈಲ್ ಉಂಟು, ನೆಟ್ಟೂ ಉಂಟು. ಅರ್ಧದಲ್ಲಿ ಬಿಟ್ಟ ಓದನ್ನು ಅದರಲ್ಲೇ ಮುಂದುವರಿಸಬಹುದು ಎಂದರೆ ಮಾತ್ರ ಮನೆಯ ದೊಡ್ಡವರು ನಗುತ್ತಾರೆ. 'ಈ ಪ್ರಾಯದಲ್ಲಿ ಇನ್ನೆಂತ ಕಲಿಯುದು ಮಾರಾಯ್ರೆ, ವೀಡಿಯೊ ನೋಡುವಾಗಲೇ ನಿದ್ದೆ ಬರ್ತದೆ' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ನಿದ್ದೆ ಬರುವುದು ನಮ್ಮವರಿಗೆ ಮಾತ್ರವಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಉಚಿತ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಕೊನೆಯವರೆಗೆ ಉಳಿದವರು ನೂರಕ್ಕೆ ಮೂವರು ಮಾತ್ರ! ಪಾಠ ಒಳ್ಳೆಯದೇ ಇತ್ತು, ಮೇಷ್ಟ್ರುಗಳೂ ಹೆಸರಾಂತವರೇ. ಹೆಚ್ಚಿನವರು ಒಬ್ಬರೇ ಕೂತು ಕಲಿಯಬೇಕು, 'ಯಾಕೆ ಬರಲಿಲ್ಲ' ಎಂದು ಕೇಳುವವರೂ ಇಲ್ಲ. ಹಾಗಾದರೆ ಯಾರು ತಾನೇ ಉಳಿದಾರು?

ಜಗಲಿಯ ಪಾಠ

ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆಯಾದದ್ದು 1991ರ ಏಪ್ರಿಲ್ 18ರಂದು, ಕೋಝಿಕ್ಕೋಡಿನಲ್ಲಿ. ಅದನ್ನು ಘೋಷಿಸಿದ ಮಲಪ್ಪುರಂನ ಚೇಲಕ್ಕೋಡನ್ ಆಯಿಷಾ ಕೂಡ ಆ ಆಂದೋಲನದಲ್ಲೇ ಅಕ್ಷರ ಕಲಿತವರು. ಆಗ ಮೊಬೈಲ್ ಇರಲಿಲ್ಲ. ಸ್ವಯಂಸೇವಕರು ಮನೆ ಜಗಲಿಯಲ್ಲಿ ಕೂತು ಕಲಿಸಿದರು, ಕಲಾಜಾಥಾಗಳು ಹಾಡು, ನಾಟಕ ಹಿಡಿದು ಊರೂರು ತಿರುಗಿದವು. ಹತ್ತು ಜನ ಒಟ್ಟಾದರು, ಆದ್ದರಿಂದ ಕೆಲಸವಾಯಿತು.

2025ರ ಆಗಸ್ಟ್ 21ರಂದು ಕೇರಳ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದೂ ಘೋಷಣೆಯಾಯಿತು. 'ಡಿಜಿ ಕೇರಳ' ಯೋಜನೆಯಲ್ಲಿ 21 ಲಕ್ಷಕ್ಕೂ ಹೆಚ್ಚು ಮಂದಿ ತರಬೇತಿ ಪಡೆದರು. ಮೊಬೈಲ್ ಒತ್ತಲು ಬಂತು, ಸರಿ. ಇನ್ನು ಅದರಲ್ಲಿ ಏನು ಮಾಡುವುದು? ಫಾರ್ವರ್ಡ್ ಮಾಡುತ್ತಾ ಕೂರುವುದೇ?

ಕಲಿಯುವವರೇ ಪಾಠ ಕಟ್ಟಿದರು

ಉತ್ತರಕ್ಕೆ ಎರಡು ಉದಾಹರಣೆ ನೋಡಬಹುದು. ಒಂದು ದೂರದ್ದು, ಒಂದು ನಮ್ಮದೇ.

ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಬಳಸಿ ಕಥೆ ಹೇಳುವ 'ಡಿಎಸ್ 106' ಎಂಬ ಕೋರ್ಸ್ 2010ರಲ್ಲಿ ಶುರುವಾಯಿತು. 2011ರಲ್ಲಿ ಅದು ಹೊರಗಿನವರಿಗೂ ತೆರೆದುಕೊಂಡಿತು. ಅಲ್ಲಿ ಕೊಡುವ ಮನೆಕೆಲಸವನ್ನು ಮೇಷ್ಟ್ರುಗಳು ಮಾತ್ರ ಯೋಚಿಸುವುದಲ್ಲ, ಕಲಿಯುವವರೂ ಹೊಸ ಹೊಸ ಕೆಲಸ ಹುಡುಕಿ ಒಂದು ಭಂಡಾರಕ್ಕೆ ಸೇರಿಸಿದರು. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ಮಾಡಿ ತೋರಿಸಿದರು. ಅಂತರ್ಜಾಲದಲ್ಲಿ ತಮ್ಮದೇ ರೇಡಿಯೊ ಕೂಡ ನಡೆಸಿದರು.

ಇನ್ನೊಂದು ನಮ್ಮ ಕಣ್ಣೆದುರಿನ ತುಳು ವಿಕಿಪೀಡಿಯ. 2008ರಲ್ಲಿ ಪ್ರಾಯೋಗಿಕ ತಾಣದಲ್ಲಿ ಶುರುವಾದ ಕೆಲಸ, ಎಂಟು ವರ್ಷಗಳ ಬಳಿಕ 2016ರ ಆಗಸ್ಟಿನಲ್ಲಿ ಪೂರ್ಣ ಪ್ರಮಾಣದ ವಿಶ್ವಕೋಶವಾಗಿ ಹೊರಬಂತು. ಕನ್ನಡ ಲಿಪಿಯಲ್ಲೇ ಇರುವುದರಿಂದ ಕಾಸರಗೋಡಿನವರಿಗೆ ಓದಲು ತೊಂದರೆಯಿಲ್ಲ. ಇದನ್ನು ಬರೆದವರು ಸಂಬಳ ಪಡೆದವರಲ್ಲ. ಒಬ್ಬರು ಊರಿನ ಹಬ್ಬದ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ, ಇನ್ನೊಬ್ಬರು ಫೋಟೊ ಹಾಕುತ್ತಾರೆ, ಮತ್ತೊಬ್ಬರು ಕಾಗುಣಿತ ತಿದ್ದುತ್ತಾರೆ, ಮಗದೊಬ್ಬರು 'ಇದಕ್ಕೆ ಆಧಾರ ಎಲ್ಲುಂಟು?' ಎಂದು ಕೇಳುತ್ತಾರೆ. ಯಾರು ಯಾವಾಗ ಏನು ತಿದ್ದಿದರು ಎಂಬ ಲೆಕ್ಕ ಅಲ್ಲೇ ಉಳಿಯುತ್ತದೆ. ಭಿನ್ನಾಭಿಪ್ರಾಯ ಬಂದರೆ ಚರ್ಚಿಸಲು ಬೇರೆ ಪುಟವುಂಟು. ಟೈಪಿಂಗ್, ಶುದ್ಧ ಬರಹ, ಆಧಾರ ಹುಡುಕುವುದು, ಬೇರೆಯವರ ಮಾತು ಕೇಳುವುದು ಇವೆಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತಂತಾಯಿತು.

ಎರಡರಲ್ಲೂ ಗುಟ್ಟು ಒಂದೇ. ಮಾಡಿದ ಕೆಲಸ ಮತ್ತೊಬ್ಬರಿಗೆ ಬೇಕಾಗಿತ್ತು.

ತತ್ಸಮಾನಕ್ಕೂ ಇದೇ ದಾರಿ

ಕೇರಳ ಸಾಕ್ಷರತಾ ಮಿಷನ್ ನಡೆಸುವ ಹತ್ತನೇ ತರಗತಿ ತತ್ಸಮಾನ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಏಳನೇ ತರಗತಿ ಪಾಸಾಗಿ 17 ವರ್ಷ ತುಂಬಿದವರು ಸೇರಬಹುದು. ಮನೆ, ತೋಟ, ಮಕ್ಕಳು ಎಂದು ಓದು ಬಿಟ್ಟ ಅಕ್ಕಂದಿರಿಗೆ ಇದು ಎರಡನೇ ಬಾಗಿಲು. ಆದರೆ ವಾರಕ್ಕೊಂದು ದಿನದ ತರಗತಿ ಎಲ್ಲರಿಗೂ ಸಾಲದು. ಉಳಿದ ದಿನ ಮೊಬೈಲ್ ನೆರವಾಗಬೇಕು. ಹೇಗೆ?

ಮೊದಲನೆಯದಾಗಿ, ಐದಾರು ಮಂದಿಯ ಸಣ್ಣ ಗುಂಪು ಸಾಕು. ಐವತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ಬರೆಯುತ್ತಾರೆ, ಉಳಿದವರು ಹೆಬ್ಬೆರಳು ತೋರಿಸುತ್ತಾರೆ.

ಎರಡನೆಯದಾಗಿ, ಕೆಲಸ ಹಂಚಿಕೊಳ್ಳಿ. ಈ ವಾರ ಪಾಠದ ಸಾರಾಂಶ ಹೇಳಿದವರು ಮುಂದಿನ ವಾರ ಪ್ರಶ್ನೆ ತಯಾರಿಸಲಿ, ಪ್ರಶ್ನೆ ಮಾಡಿದವರು ಉತ್ತರ ತಿದ್ದಲಿ. ಇಲ್ಲವಾದರೆ ಓದುವ ಒಬ್ಬರ ತಲೆ ಮೇಲೇ ಎಲ್ಲ ಬೀಳುತ್ತದೆ.

ಮೂರನೆಯದಾಗಿ, ಲೆಕ್ಕವನ್ನು ಮನೆಯಿಂದಲೇ ತೆಗೆಯಿರಿ. ಕುಟುಂಬಶ್ರೀ ಘಟಕದಲ್ಲಿ 10,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿ 1,200 ರೂಪಾಯಿ. ತಿಂಗಳು ತಿಂಗಳು ಅಸಲು ಕಟ್ಟುತ್ತಾ ಬಂದರೆ ಎಷ್ಟು ಕಡಿಮೆಯಾದೀತು? ಇಂತಹ ಪ್ರಶ್ನೆ ಪುಸ್ತಕದಲ್ಲಿಲ್ಲದಿದ್ದರೂ ಬಡ್ಡಿಯ ಪಾಠ ತಲೆಗೆ ಹತ್ತುತ್ತದೆ. ಅಡಿಕೆ ಒಣಗಿಸುವ ಕ್ರಮ ಬರೆದರೆ ಅದೇ ಪ್ರಬಂಧ. ಅಜ್ಜಿ ಹೇಳಿದ ಔಷಧ ಗಿಡಗಳ ಹೆಸರು, ಫೋಟೊ ಸೇರಿಸಿದರೆ ಅದೇ ವಿಜ್ಞಾನ.

ನಾಲ್ಕನೆಯದಾಗಿ, ಟೈಪ್ ಮಾಡಲು ಬಾರದವರು ಮಾತಿನಲ್ಲೇ ಕಳಿಸಲಿ. ಇನ್ನೊಬ್ಬರು ಅದನ್ನು ಬರೆದುಕೊಳ್ಳಲಿ. ಆಡಿದ್ದು ಅಕ್ಷರವಾಗುವಾಗ ಇಬ್ಬರೂ ಕಲಿಯುತ್ತಾರೆ.

ತಿದ್ದುವಾಗಲೂ ಜಾಗ್ರತೆ ಬೇಕು. 'ಹೀಗೆಲ್ಲ ಬರೆಯುದಾ?' ಎಂದು ನಾಲ್ಕು ಜನರ ಎದುರು ಹೇಳಿದರೆ ಪ್ರಾಯದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಚೆನ್ನಾಗಿರುವುದನ್ನು ಮೊದಲು ಹೇಳಿ, ತಿದ್ದಬೇಕಾದ ಒಂದನ್ನು ಆಮೇಲೆ ಹೇಳಿದರೆ ಮರ್ಯಾದೆಯೂ ಉಳಿದೀತು, ಬರಹವೂ ಸುಧಾರಿಸೀತು. ಕಲಿಸುವವರ ಕೆಲಸ ಇಲ್ಲಿ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಎರಡು ದಿನ ಮಾತಾಡದವರಿಗೆ ಫೋನ್ ಮಾಡಿ ವಿಚಾರಿಸುವುದೂ ಅವರದ್ದೇ ಕೆಲಸ.

ಗಡಿ ದಾಟುವ ತರಗತಿ

ಗಡಿನಾಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭವುಂಟು. ತಾಳವಾಡಿಯವರು, ಅಕ್ಕಲಕೋಟೆಯವರು, ಮಂಜೇಶ್ವರದವರು ಒಂದೇ ಕೋಣೆಯಲ್ಲಿ ಕೂರುವುದು ಕಷ್ಟ, ಒಂದೇ ಗುಂಪಿನಲ್ಲಿ ಇರುವುದು ಸುಲಭ. ಕೃಷಿ ಸಲಕರಣೆಗಳಿಗೆ ಮೂರೂ ಕಡೆಯ ಹೆಸರು ಪಟ್ಟಿ ಮಾಡಿದರೂ ಸಾಕು, ಒಂದು ಪುಟ್ಟ ನಿಘಂಟೇ ಆದೀತು. ಅದನ್ನು ಮಾಡಿಕೊಡಲು ಹೊರಗಿನಿಂದ ಯಾರೂ ಬರುವುದಿಲ್ಲ. ಕನ್ನಡದಲ್ಲಿ ದೊಡ್ಡವರಿಗೆ ಪಾಠ ಕಡಿಮೆ ಎಂದು ದೂರುವ ನಾವೇ ಕೂಡಿ ಕೂತರೆ, ಆ ಕೊರತೆಯಲ್ಲಿ ಸ್ವಲ್ಪವಾದರೂ ತುಂಬೀತು.

ತತ್ಸಮಾನ ತರಗತಿಯ ಬಗ್ಗೆ ತಿಳಿಯಬೇಕಾದವರು ತಮ್ಮ ಪಂಚಾಯತಿನ ಸಾಕ್ಷರತಾ ಪ್ರೇರಕರನ್ನು ವಿಚಾರಿಸಬಹುದು. ಹೋಗುವಾಗ ಒಬ್ಬರೇ ಹೋಗಬೇಡಿ, ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ಗುಂಪು ಅಲ್ಲಿಂದಲೇ ಶುರುವಾಗಲಿ.