ವಿದ್ಯಾಮಂದಿರದಲ್ಲಿ ವಾಹನಕ್ಕೊಂದು ಎಡೆ

ವಿಶ್ವವಿದ್ಯಾನಿಲಯವೆಂದರೇನು ಎಂಬ ಪ್ರಶ್ನೆಗೆ ಪ್ರಾಜ್ಞರು ಕೊಟ್ಟಿರುವ ಉತ್ತರಗಳು ಹಲವು. ಅವುಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡಿರುವುದು ಒಬ್ಬ ಆಡಳಿತಗಾರರ ಉತ್ತರ. 1958ರಿಂದ 1967ರ ವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅವರು 1963ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸಗಳನ್ನು ನೀಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಉದ್ಯಮವನ್ನು ನಡೆಸಿಕೊಳ್ಳುವ ಅಧ್ಯಾಪಕರನ್ನು ಒಂದು ಸಂಸ್ಥೆಯಾಗಿ ಹಿಡಿದಿಟ್ಟಿರುವುದು ಕಾರು ನಿಲ್ಲಿಸುವ ಜಾಗದ ಬಗೆಗೆ ಎಲ್ಲರಿಗೂ ಇರುವ ದೂರು ಎಂಬರ್ಥದ ಮಾತನ್ನು ಅಲ್ಲಿ ಅವರು ಆಡಿದರು. ಅವರಿಗೂ ಮುನ್ನ ಷಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಹಚಿನ್ಸ್ ಅವರು, ಬೇರೆ ಬೇರೆ ವಿಭಾಗಗಳನ್ನು ಬೆಸೆದಿರುವುದು ಕಟ್ಟಡಗಳನ್ನು ಬೆಚ್ಚಗಿಡುವ ಯಂತ್ರವ್ಯವಸ್ಥೆ ಎಂದು ಕಂಡಿದ್ದರು. ನಮ್ಮದು ಮೊದಲೇ ಬೆಚ್ಚಗಿನ ನಾಡು. ಆ ಬಂಧನ ನಮಗೆ ಬೇಕಿಲ್ಲ. ಉಳಿದದ್ದು ದೂರು ಒಂದೇ.

ಕೆರ್ ಅವರ ಬರ್ಕ್ಲಿ ಆವರಣದಲ್ಲಿ ನೊಬೆಲ್ ಪಾರಿತೋಷಿಕ ಪಡೆದ ಪ್ರಾಧ್ಯಾಪಕರಿಗೆ ಕಾರು ನಿಲ್ಲಿಸಲು ಮೀಸಲು ಸ್ಥಳ ಕೊಡುವ ಪದ್ಧತಿಯಿದೆ. ‘ಎನ್.ಎಲ್.’ ಎಂಬ ಎರಡಕ್ಷರದ ಫಲಕವನ್ನು ಅಲ್ಲಿ ನೆಟ್ಟಿರುತ್ತಾರೆ. ಇದನ್ನು ಕೇಳಿ ನಗುವವರುಂಟು. ನನಗೆ ನಗು ಬರಲಿಲ್ಲ. ನಮ್ಮ ಅರಸರೂ ವಿದ್ವಾಂಸರಿಗೆ ಉಂಬಳಿ ಬಿಡುತ್ತಿರಲಿಲ್ಲವೆ? ಅದೇ ಉಂಬಳಿ ಈಗ ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದಕ್ಕೆ ಇಳಿದಿದೆ, ಅಷ್ಟೆ.

ನಾನು ಪಾಠ ಹೇಳುವ ವಿಶ್ವವಿದ್ಯಾನಿಲಯದ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೂ ಹೇಳದಿದ್ದರೂ ವಾಚಕರಲ್ಲಿ ಅಧ್ಯಾಪಕರಾದವರು ಇದು ತಮ್ಮದೇ ಎಂದುಕೊಳ್ಳುವರು. ನಾನು ಸೇರಿದ ಕಾಲಕ್ಕೆ ಗ್ರಂಥಾಲಯದ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಸೈಕಲ್ ಸ್ಟ್ಯಾಂಡಿತ್ತು. ಅದರಾಚೆ ಬಯಲು, ಬಯಲಿನ ಅಂಚಿಗೆ ಹೊಂಗೆಮರಗಳು. ಕಾರುಳ್ಳ ಪ್ರಾಧ್ಯಾಪಕರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು; ಅವರು ಮರದ ನೆರಳಿನಲ್ಲಿ ತಮಗೆ ತೋಚಿದೆಡೆ ನಿಲ್ಲಿಸಿ ಹೋಗುತ್ತಿದ್ದರು. ಮುಂದೆ ಸೈಕಲ್ಲಿನ ಎಡೆಗೆ ಸ್ಕೂಟರು ಬಂತು, ಸ್ಕೂಟರಿನ ಎಡೆಗೆ ಕಾರು ಬಂತು. ಕಾರುಗಳು ಹೆಚ್ಚಿದ ವರ್ಷಗಳಲ್ಲಿಯೇ ಬಯಲಿನಲ್ಲಿ ಮೊದಲು ಒಂದು ಪರೀಕ್ಷಾಭವನ ಎದ್ದಿತು. ಬಳಿಕ ಹವಾನಿಯಂತ್ರಿತ ಸಭಾಂಗಣ. ಅದರ ಪಕ್ಕಕ್ಕೆ ಬೀಗ ತೆಗೆಯದ ಒಂದು ಅಧ್ಯಯನಪೀಠ. ಕಟ್ಟಡಗಳ ನಡುವೆ ಉಳಿದ ಜಾಗದಲ್ಲಿ ನಿಲ್ಲಿಸಬಾರದೆಂದು ಸರಪಳಿ ಕಟ್ಟಿದರೆ ಕಾರುಗಳು ಕಾಲುದಾರಿಯ ಮೇಲೆ ಹತ್ತಿದವು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು.

ಕಡೆಗೆ ಒಂದು ಸುತ್ತೋಲೆ ಹೊರಟಿತು. ಖಾಯಂ ಅಧ್ಯಾಪಕರ ಮತ್ತು ಅಧಿಕಾರಿಗಳ ವಾಹನಗಳಿಗೆ ಮಾತ್ರ ಚೀಟಿ. ಚೀಟಿ ಇಲ್ಲದ ವಾಹನ ಮಹಾದ್ವಾರದ ಹೊರಗೆ. ವಿದ್ಯಾರ್ಥಿಗಳು ಗೊಣಗಿದರು, ಆದರೆ ಹರೆಯದ ಕಾಲುಗಳಿಗೆ ಮುಕ್ಕಾಲು ಮೈಲಿ ಹೆಚ್ಚಲ್ಲ. ಪೆಟ್ಟು ಬಿದ್ದದ್ದು ಅತಿಥಿ ಉಪನ್ಯಾಸಕರಿಗೆ. ‘ಅತಿಥಿ’ ಎಂಬ ಶಬ್ದವನ್ನು ನಮ್ಮ ಆಡಳಿತಭಾಷೆ ಹೇಗೆ ಬಳಸುತ್ತಿದೆಯೆಂಬುದನ್ನು ನಿಘಂಟುಕಾರರು ಗಮನಿಸಬೇಕು: ವರ್ಷವರ್ಷವೂ ಬರುವವರು, ವಿಭಾಗದ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರುವವರು, ಉಪಚಾರವಿಲ್ಲದವರು.

ನಮ್ಮ ವಿಭಾಗದಲ್ಲಿ ಅಂಥವರೊಬ್ಬರಿದ್ದಾರೆ. ಹಳಗನ್ನಡವನ್ನು ಅವರಷ್ಟು ಚೆನ್ನಾಗಿ ಪಾಠ ಮಾಡುವವರು ನಮ್ಮ ಖಾಯಂ ಬಳಗದಲ್ಲಿಲ್ಲ. ಬೆಳಗ್ಗೆ ತಾಲ್ಲೂಕು ಪಟ್ಟಣದ ಕಾಲೇಜೊಂದರಲ್ಲಿ ಎರಡು ತರಗತಿ ಮುಗಿಸಿ, ಸ್ಕೂಟರಿನಲ್ಲಿ ಹೊರಟು ಹನ್ನೊಂದೂವರೆಯ ತರಗತಿಗೆ ನಮ್ಮಲ್ಲಿಗೆ ಬರುತ್ತಾರೆ. ಆ ವೇಳೆಗೆ ಬಸ್ಸಿಲ್ಲ. ಇರುವ ಬಸ್ಸೂ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ಸುತ್ತೋಲೆಯಾದ ಮೇಲೆ ಅವರು ಸ್ಕೂಟರನ್ನು ಹೆದ್ದಾರಿಯ ಮಗ್ಗುಲಲ್ಲಿ ನಿಲ್ಲಿಸಿ, ಪುಸ್ತಕದ ಚೀಲ ಹೊತ್ತು ಬಿಸಿಲಿನಲ್ಲಿ ನಡೆದು ಬರಬೇಕು. ಸಂಬಳ ಗಂಟೆಯ ಲೆಕ್ಕದ್ದು; ಬೆರಳೊತ್ತುವ ಯಂತ್ರಕ್ಕೆ ಹತ್ತು ನಿಮಿಷ ತಡವಾದರೆ ಆ ಗಂಟೆ ಲೆಕ್ಕಕ್ಕಿಲ್ಲ. ಒಂದು ದಿನ ದ್ವಾರದಲ್ಲಿ ಅವರು ಬೇಡಿಕೊಳ್ಳುತ್ತಿದ್ದುದನ್ನು ಕಂಡೆ. “ಮೇಡಂ, ಗಾಡಿಗೆ ಚೀಟಿ ಇಲ್ಲ, ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ” ಎಂದ ಕಾವಲುಗಾರ. ಅವನೂ ಗುತ್ತಿಗೆಯವನೇ. ಅದೇ ಹೊತ್ತಿಗೆ ಆಡಳಿತಭವನದ ಮುಂದೆ, ತಿಂಗಳಿಗೊಮ್ಮೆ ಸಭೆಗೆ ಬರುವ ಮಾನ್ಯ ಸದಸ್ಯರಿಗೆಂದು ಬಣ್ಣದ ಗೆರೆ ಎಳೆದ ಎಡೆಗಳು ನೆರಳಿನಲ್ಲಿ ಬರಿದಾಗಿ ಮಲಗಿದ್ದವು.

ಈ ವಿಷಯವನ್ನು ಆಯುಷ್ಯವಿಡೀ ಅಭ್ಯಾಸ ಮಾಡಿದ ಪಂಡಿತರೊಬ್ಬರಿದ್ದರು: ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ನಗರಯೋಜನೆಯ ಪ್ರಾಧ್ಯಾಪಕರಾಗಿದ್ದು 2025ರಲ್ಲಿ ತೀರಿಕೊಂಡ ಡೊನಾಲ್ಡ್ ಶೂಪ್. ತಾವು ಮಾತ್ರ ಸೈಕಲ್ ತುಳಿಯುತ್ತಿದ್ದರು. ಪುಕ್ಕಟೆ ಪಾರ್ಕಿಂಗ್ ಎಂಬುದು ಲೋಕದಲ್ಲಿಲ್ಲ, ಅದರ ಬೆಲೆಯನ್ನು ಕಾರಿಲ್ಲದವನೂ ಸೇರಿ ಎಲ್ಲರೂ ತೆರುತ್ತಾರೆಂಬುದು 2005ರಲ್ಲಿ ಅವರು ಪ್ರಕಟಿಸಿದ ಬೃಹದ್ಗ್ರಂಥದ ಸಾರ. ತಮ್ಮ ಆವರಣದ ಮಗ್ಗುಲಿನ 15 ಗೃಹಪಂಕ್ತಿಗಳ ಒಂದು ಪೇಟೆಯಲ್ಲಿ ಅವರು ಲೆಕ್ಕ ಹಾಕಿ ನೋಡಿದರು: ಜಾಗ ಹುಡುಕುತ್ತ ಒಬ್ಬೊಬ್ಬರು ಸುತ್ತುವುದು ಸರಾಸರಿ 3.3 ನಿಮಿಷ, ಅರ್ಧ ಮೈಲಿ. ವರ್ಷಕ್ಕೆ ಒಟ್ಟು 9,50,000 ಮೈಲಿ. ಎಂದರೆ ಭೂಮಂಡಲಕ್ಕೆ 38 ಪ್ರದಕ್ಷಿಣೆ! ಕಾರೆಂಬುದು ತನ್ನ ಆಯುಷ್ಯದ ನೂರಕ್ಕೆ 95 ಪಾಲನ್ನು ನಿಂತೇ ಕಳೆಯುವ ವಸ್ತುವೆಂದೂ ಅವರು ನೆನಪಿಸುತ್ತಿದ್ದರು.

ನಮ್ಮ ದೇಶದ ಯೋಜಕರ ಲೆಕ್ಕದಲ್ಲಿ, ಬಂದು ಹೋಗುವ ದಾರಿಯೂ ಸೇರಿ, ಬಯಲಿನಲ್ಲಿ ಒಂದು ಕಾರಿಗೆ ಬೇಕಾದ ನೆಲ 23 ಚದರ ಮೀಟರು. ಅಷ್ಟರಲ್ಲಿ ಹನ್ನೆರಡು ವಿದ್ಯಾರ್ಥಿಗಳು ಆರಾಮವಾಗಿ ಕುಳಿತು ಪಾಠ ಕೇಳಬಹುದು. ಹಾಗೆಂದು ಕಾರುಳ್ಳವರ ಮೇಲೆ ನನಗೆ ದ್ವೇಷವಿಲ್ಲ. ನನಗೂ ಒಂದಿದೆ, ಅದಕ್ಕೆ ಚೀಟಿಯೂ ಇದೆ. ಶೂಪ್ ಅವರು ಸೂಚಿಸಿದ ಮದ್ದು, ಜಾಗಕ್ಕೆ ತಕ್ಕ ಬೆಲೆ ಕಟ್ಟಿ, ಬಂದ ಹಣವನ್ನು ಆ ಪ್ರದೇಶದ ಹಿತಕ್ಕೇ ವಿನಿಯೋಗಿಸಬೇಕೆಂಬುದು. ಅರ್ಧ ಒಪ್ಪುತ್ತೇನೆ. ಎಲ್ಲರಿಗೂ ಒಂದೇ ಬೆಲೆಯಾದರೆ ನಮ್ಮ ಹಳಗನ್ನಡದ ಅಧ್ಯಾಪಕಿ ಮತ್ತೆ ಹೆದ್ದಾರಿಯಲ್ಲೇ ನಿಲ್ಲುತ್ತಾರೆ. ಬೆಲೆಯನ್ನು ಸಂಬಳಕ್ಕೆ ಗಂಟುಹಾಕಿ, ಆ ಹಣದಿಂದ ಹೆದ್ದಾರಿಯಿಂದ ವಿಭಾಗಗಳವರೆಗೆ ಒಂದು ಸಣ್ಣ ಬಸ್ಸನ್ನು ಓಡಿಸಿದರೆ, ಅಂಗವಿಕಲರಿಗೂ ಗಂಟೆಯ ಲೆಕ್ಕದವರಿಗೂ ಬಾಗಿಲ ಬಳಿಯ ಎಡೆಗಳನ್ನು ಮೊದಲು ಬಿಟ್ಟರೆ, ಮಾತಿಗೆ ಅರ್ಥ ಬರುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣ 1960ರಲ್ಲಿ ರೂಪುಗೊಂಡಾಗ ಅದಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರು ಕುವೆಂಪು. ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅವರು ನಡೆಯುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆ ಕಾಲದ ಆವರಣಗಳು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಬ್ಬಿದಂಥವು: ಒಂದು ವಿಭಾಗದಿಂದ ಇನ್ನೊಂದಕ್ಕೆ ದೂರ ಹೆಚ್ಚು, ಮರ ಹೆಚ್ಚು. ಆ ದೂರವೇ ಇಂದು ಕಾರಿಗೆ ನೆಪವಾಗಿದೆ. ನೆರಳಿದ್ದರೆ ಮುಕ್ಕಾಲು ಮೈಲಿ ನಡೆಯಲು ನಾನು ಇಂದಿಗೂ ಸಿದ್ಧ; ಆದರೆ ನೆರಳನ್ನು ಕಡಿದೇ ಕಾರಿಗೆ ಜಾಗ ಮಾಡಬೇಕಾಗಿ ಬಂದಿರುವುದು ನಮ್ಮ ಯೋಜನಾಶಾಸ್ತ್ರದ ವಿಚಿತ್ರ.

ಅತಿಥಿ ಉಪನ್ಯಾಸಕರಿಗೂ ಚೀಟಿ ಕೊಡಬೇಕೆಂದು ನಾವು ಹದಿನಾಲ್ವರು ಸಹಿ ಹಾಕಿದ ಮನವಿ ಕುಲಸಚಿವರ ಕಛೇರಿಯಲ್ಲಿದೆ. ಹೊಸ ನಿಲುಗಡೆಯ ತಾಣವೊಂದು ಸಿದ್ಧವಾದೊಡನೆ ಪರಿಶೀಲಿಸಲಾಗುವುದೆಂದು ಹಿಂಬರಹ ಬಂದಿದೆ. ಕಳೆದ ವಾರ ಗ್ರಂಥಾಲಯದ ಹಿಂದೆ ಹೋಗಿದ್ದೆ. ಬಯಲಿನ ಅಂಚಿನ ಹೊಂಗೆಮರಗಳ ತೊಗಟೆಯನ್ನು ಒಂದು ಗೇಣು ಹೆರೆದು, ಬಿಳಿಯ ಬಣ್ಣದಲ್ಲಿ ಅಂಕಿ ಬರೆದಿದ್ದರು. ಎಣಿಸಿದೆ, ಇಪ್ಪತ್ತೊಂದರ ವರೆಗೆ ಇತ್ತು. ಇಪ್ಪತ್ತೊಂದನೆಯದರ ಬುಡದಲ್ಲಿ ಇಬ್ಬರು ಹುಡುಗಿಯರು ಪರೀಕ್ಷೆಗೆ ಓದಿಕೊಳ್ಳುತ್ತಿದ್ದರು.