ಮಧುಮಾಲತಿ: ಬೆಳೆಸುವುದೂ, ಹದ್ದುಬಸ್ತಿನಲ್ಲಿಡುವುದೂ

ಊರು ಬಿಟ್ಟು ಮುಂಬಯಿ ಸೇರುವ ಕನ್ನಡಿಗನು ಉಪ್ಪಿನಕಾಯಿಯ ಭರಣಿಯನ್ನು ಜೊತೆಗೆ ತರಬಲ್ಲ, ಮನೆದೇವರ ಪಟವನ್ನೂ ತರಬಲ್ಲ. ಹಿತ್ತಲನ್ನು ಮಾತ್ರ ತರಲಾರ. ಆ ಕೊರತೆಯನ್ನು ನೀಗಿಕೊಳ್ಳಲು ಬಾಲ್ಕನಿಯ ಮೂಲೆಯಲ್ಲಿ ತುಳಸಿಯನ್ನಿಡುತ್ತಾನೆ. ಪಕ್ಕದಲ್ಲಿ ಒಂದು ಹೂಬಳ್ಳಿಯನ್ನೂ ಹಬ್ಬಿಸುತ್ತಾನೆ. ಮಹಾನಗರಗಳ ಮನೆಗಳು ಹೀಗೆ ಆದರಿಸಿದ ಬಳ್ಳಿಗಳಲ್ಲಿ ಮಧುಮಾಲತಿಯೂ ಒಂದು. ರಂಗೂನ್ ಕ್ರೀಪರ್ ಎನ್ನುವುದೂ ಇದನ್ನೇ. ಸಂಸ್ಕೃತ ಕಾವ್ಯಗಳ ಮಾಧವೀಲತೆ ಬೇರೆ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ಬಗೆಯುವವರುಂಟು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಮಲೆನಾಡಿಗರಿಗೆ ಪರಿಚಿತವಾದ ಅಳಲೆ, ತಾರೆ, ಮತ್ತಿ ಮರಗಳ ಕುಟುಂಬಕ್ಕೆ ಸೇರಿದುದು.

ಇದರ ಹೂವಿನ ವರ್ತನೆಯೇ ಒಂದು ಕೌತುಕ. ಸಂಜೆ ಅರಳುವಾಗ ಬಿಳುಪು, ಮರುದಿನ ಗುಲಾಬಿ, ಅನಂತರ ಕಡುಗೆಂಪು. ಇದರಿಂದಾಗಿ ಒಂದೇ ಗೊಂಚಲಿನಲ್ಲಿ ಮೂರು ಬಣ್ಣಗಳೂ ಕಾಣಸಿಗುತ್ತವೆ. ಬಿಳಿಯ ಹೂವು ಮತ್ತು ರಾತ್ರಿಯ ಪರಿಮಳ ಉದ್ದ ಸೊಂಡಿಲಿನ ಪತಂಗಗಳಿಗೆ ಕರೆಯೋಲೆ. ಹಗಲಿನ ಕೆಂಪು ಜೇನುನೊಣಗಳಿಗೂ ಸೂರಕ್ಕಿಗಳಿಗೂ ಆಹ್ವಾನ. ಲಿನೇಯಸನು 1762ರಲ್ಲಿ ಇದಕ್ಕೆ ಶಾಸ್ತ್ರೀಯವಾಗಿ ಇಟ್ಟ ಹೆಸರು ಕ್ವಿಸ್ಕ್ವಾಲಿಸ್ ಇಂಡಿಕಾ. ಮೊದಲ ಪದಕ್ಕೆ ಲ್ಯಾಟಿನ್ನಿನಲ್ಲಿ ‘ಯಾರು? ಎಂಥದು?’ ಎಂಬ ಅರ್ಥ. ಇಂದಿನ ಸಸ್ಯಶಾಸ್ತ್ರಜ್ಞರು ಇದನ್ನು ಕಾಂಬ್ರೆಟಮ್ ಇಂಡಿಕಮ್ ಎಂದು ಕರೆಯುತ್ತಾರೆ.

ಬೆಳೆಸುವುದು ಕಷ್ಟವಲ್ಲ. ಬೇರಿನಿಂದೇಳುವ ಮರಿಯನ್ನಾಗಲಿ, ಬಲಿತ ರೆಂಬೆಯ ತುಂಡನ್ನಾಗಲಿ ನೆಟ್ಟರೆ ಸಾಕು. ದಿನಕ್ಕೆ ಐದಾರು ತಾಸಿನ ಬಿಸಿಲು, ತಳದಲ್ಲಿ ತೂತುಳ್ಳ ದೊಡ್ಡ ಕುಂಡ, ಕೆಂಪುಮಣ್ಣಿಗೆ ಸ್ವಲ್ಪ ಮರಳು ಹಾಗೂ ಹಳೆಯ ಗೊಬ್ಬರದ ಮಿಶ್ರಣ: ಇಷ್ಟೇ ಇದರ ಬೇಡಿಕೆ. ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಎಲೆ ಸೊಂಪಾಗಿ ಬಂದು ಹೂವು ವಿರಳವಾಗುತ್ತದೆ. ಮೊದಲ ಕೆಲವು ತಿಂಗಳು ಪೊದೆಯಂತೆ ಸಾಧುವಾಗಿರುವ ಗಿಡವು ತರುವಾಯ ನೀಳವಾದ ಕುಡಿಗಳನ್ನು ಚಾಚತೊಡಗುತ್ತದೆ. ನಿಜವಾದ ಕೆಲಸ ಆರಂಭವಾಗುವುದೇ ಆಗ.

ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನಂತೆ ಉಳಿಯುತ್ತದೆ. ಅದನ್ನು ಕೊಕ್ಕೆಯಾಗಿಸಿಕೊಂಡು ಬಳ್ಳಿ ಮೇಲೇರುತ್ತದೆ. ಹೇಳುವವರು ಕೇಳುವವರು ಇಲ್ಲದಿದ್ದರೆ ಇಪ್ಪತ್ತು ಅಡಿಗೂ ಮೀರಿ ಹಬ್ಬಿ, ಮೇಲಿನ ಮನೆಯ ಕಿಟಕಿಗೆ ಪರದೆಯಾಗುತ್ತದೆ. ನೀರಿನ ಕೊಳವೆಯನ್ನೂ ವಿದ್ಯುತ್ ತಂತಿಯನ್ನೂ ಸುತ್ತಿಕೊಳ್ಳುತ್ತದೆ. ನೆರೆಯವರ ದೂರು ಸೊಸೈಟಿಯ ಸಭೆಗೆ ಬರುತ್ತದೆ. ಅನೇಕ ವರ್ಷಗಳ ಬಳ್ಳಿ ಒಂದೇ ಬೆಳಗಿನಲ್ಲಿ ಬುಡಸಮೇತ ನೆಲಕ್ಕುರುಳುತ್ತದೆ. ಹೂವಿನೊಡನೆ ನೆರೆಹೊರೆಯ ಸೌಹಾರ್ದವೂ ಹೋಗುತ್ತದೆ. ಕತ್ತರಿಯನ್ನು ಸಕಾಲದಲ್ಲಿ ಹಿಡಿಯದೆ ಹೋದುದಕ್ಕೆ ತೆರಬೇಕಾದ ಬೆಲೆಯಿದು.

ಕತ್ತರಿಸಿದರೆ ಹೂ ಹೋದೀತೆಂಬ ಮಮತೆ ಸಹಜ. ಆದರೆ ಅದು ತಪ್ಪು ಲೆಕ್ಕ. ಮಧುಮಾಲತಿ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯದನ್ನು ಕಡಿದಷ್ಟೂ ಚಿಗುರು ಹೆಚ್ಚು. ಚಿಗುರು ಹೆಚ್ಚಿದಷ್ಟೂ ಹೂವು ಹೆಚ್ಚು. ಜನವರಿ-ಫೆಬ್ರವರಿಯಲ್ಲಿ, ಬೇಸಿಗೆಯ ಹೂವಿಗೆ ಮುನ್ನ, ಮೂರು ನಾಲ್ಕು ಮುಖ್ಯ ಕಾಂಡಗಳನ್ನುಳಿಸಿಕೊಂಡು ಒಣಗಿದ, ಹೆಣೆದುಕೊಂಡ ರೆಂಬೆಗಳನ್ನು ತೆಗೆಯಬೇಕು. ಗೊಂಚಲು ಬಾಡಿದಂತೆಲ್ಲ ಕುಡಿ ಮೊಟಕುಗೊಳಿಸಬೇಕು. ಬುಡದ ಮರಿಗಳನ್ನು ಎಳೆಯದಿರುವಾಗಲೇ ಕೀಳದೆ ಬಿಟ್ಟರೆ ಅವು ಬಲಿತು ಇನ್ನೊಂದು ಪೊದೆಯೇ ಆದೀತು. ಕಟ್ಟಲು ತೆಂಗಿನ ನಾರಿನ ಹುರಿ ಲೇಸು. ಕಬ್ಬಿಣದ ತಂತಿ ಕಾಂಡವನ್ನು ಕೊಯ್ಯುತ್ತದೆ.

ಬಳ್ಳಿಯ ಎತ್ತರಕ್ಕೊಂದು ಸರಳ ಅಳತೆಯುಂಟು: ನೆಲದ ಮೇಲೆ ನಿಂತವರ ಕೈಗೆಟಕುವಷ್ಟು. ಮಗನ ಮನೆಗೆ ಊರಿನಿಂದ ಬಂದು ನೆಲೆಸಿದ ವೃದ್ಧ ತಾಯಿತಂದೆಗಳಿಗೆ ಈ ಬಳ್ಳಿಯ ಆರೈಕೆ ಬೆಳಗಿನ ಬೆಳಕು, ಹಗುರ ವ್ಯಾಯಾಮ ಹಾಗೂ ದಿನದ ಒಂದು ಉದ್ಯೋಗವನ್ನು ಒದಗಿಸುತ್ತದೆ. ಆದರೆ ಹೂವಿಗಾಗಿ ಸ್ಟೂಲು ಹತ್ತಿ ಜಾರಿಬಿದ್ದರೆ, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿಯುವ ಭಯವುಂಟು. ಹಂದರವನ್ನು ತಗ್ಗಿಸುವುದೇ ಇದಕ್ಕೆ ಮದ್ದು. ಮುಳ್ಳು ಗೀರಿದರೆ ಸಾಬೂನು ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಮಧುಮೇಹಿಗಳು ಚಿಕ್ಕ ಗೀರನ್ನೂ ಅಲಕ್ಷಿಸಬಾರದು.

ಕುಂಡದ ಅಡಿಯ ತಟ್ಟೆ ಇನ್ನೊಂದು ಎಚ್ಚರಿಕೆಯ ಸ್ಥಳ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯೇ ಬೇಕೆಂದಿಲ್ಲ. ತಟ್ಟೆಯಲ್ಲಿ ನಿಂತ ತಿಳಿನೀರೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಬೇಕಾಗುವುದು ಸುಮಾರು ಏಳರಿಂದ ಹತ್ತು ದಿನ. ನೀರು ಚೆಲ್ಲಿದರಷ್ಟೇ ಸಾಲದು, ಏಕೆಂದರೆ ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆಯುವ ನಿಯಮವನ್ನು, ಮಳೆಗಾಲದಲ್ಲಂತೂ, ತಪ್ಪದೆ ಪಾಲಿಸಬೇಕು. ಇದರಲ್ಲಿ ಇಡೀ ಕಟ್ಟಡದ ಮಕ್ಕಳ ಆರೋಗ್ಯವೂ ಅಡಗಿದೆ.

ಚೀನದ ಪರಂಪರಾಗತ ವೈದ್ಯದಲ್ಲಿ ಇದರ ಬೀಜವನ್ನು ಹೊಟ್ಟೆಹುಳುವಿಗೆ ಬಳಸುವ ರೂಢಿಯಿದೆ. ಅದನ್ನು ಕೇಳಿ ಮನೆಯಲ್ಲಿ ಪ್ರಯೋಗಕ್ಕಿಳಿಯುವುದು ಸಲ್ಲದು. ಪ್ರಮಾಣ ಮೀರಿದರೆ ಬಿಕ್ಕಳಿಕೆ, ವಾಂತಿ, ತಲೆಸುತ್ತು ಕಾಣಿಸಿಕೊಳ್ಳುತ್ತವೆ. ಹುಳುವಿಗೆ ಸುರಕ್ಷಿತವಾದ ಮಾತ್ರೆಗಳು ವೈದ್ಯರ ಬಳಿ ಇವೆ.

ಹಳ್ಳಿಯ ಬೇಲಿಯ ಮೇಲೆ ಬಳ್ಳಿ ತನ್ನಿಷ್ಟದಂತೆ ಹಬ್ಬಿದರೆ ಕೇಳುವವರಿಲ್ಲ. ಮಹಾನಗರದಲ್ಲಾದರೋ ಒಂದು ಮನೆಯ ಛಾವಣಿಯೇ ಇನ್ನೊಂದು ಮನೆಯ ನೆಲ. ವಾರಕ್ಕೊಮ್ಮೆ ಅರ್ಧ ತಾಸು, ಒಂದು ಹರಿತವಾದ ಕತ್ತರಿ, ಒಂದು ಹಳೆಯ ಬ್ರಷ್ಷು ಇಷ್ಟಿದ್ದರೆ ಮಧುಮಾಲತಿಯು ಸಂಜೆಯ ಹೊತ್ತು ತನ್ನ ಮನೆಗೂ ಮೇಲಿನ ಮನೆಗೂ ಒಂದೇ ಸಮನಾಗಿ ಪರಿಮಳವನ್ನು ಹಂಚುತ್ತ ಬಹುಕಾಲ ಬಾಳೀತು.