‘ವೀಕ್ ಆಫ್’ ಎಂದರೆ ಎಷ್ಟು ಹೊತ್ತು?

ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು, “ನಾಳೆ ನನಗೆ ವೀಕ್ ಆಫ್ ಡಾಕ್ಟ್ರೇ, ನಾಳೆಯೇ ಬರುತ್ತೇನೆ” ಎನ್ನುವುದುಂಟು. ಬಸ್ ಚಾಲಕರು, ಪೊಲೀಸರು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ರಾತ್ರಿ ಪಾಳಿಯ ಕಂಪ್ಯೂಟರ್ ಉದ್ಯೋಗಿಗಳು, ಎಲ್ಲರ ಬಾಯಲ್ಲಿಯೂ ಇದೇ ಮಾತು. ಇಂಗ್ಲೆಂಡಿನಲ್ಲಿ ಒಬ್ಬನು ಹೀಗೆಂದರೆ ಕೇಳಿದವರು ಏಳು ದಿನದ ರಜೆಯೆಂದೇ ತಿಳಿಯುತ್ತಾರೆ. ವಾರಕ್ಕೊಂದು ದಿನದ ಬಿಡುವಿಗೆ ಅಲ್ಲಿ ‘ಡೇ ಆಫ್’ ಎಂಬ ಮಾತಿದೆ. ನಮ್ಮ ಕಚೇರಿಗಳ ‘ವೀಕ್ಲಿ ಆಫ್’ ಸವೆದು ಹೀಗಾಗಿರಬೇಕು. ಪಂಡಿತರು ತಪ್ಪೆನ್ನಬಹುದು, ನಮಗೇನೂ ತಕರಾರಿಲ್ಲ. ಆ ಒಂದು ದಿನವಾದರೂ ದೇಹಕ್ಕೆ ದೊರೆಯುತ್ತಿದೆಯೇ ಎಂಬುದಷ್ಟೇ ನಮ್ಮ ಚಿಂತೆ.

ಆ ದಿನ ಸುಮ್ಮನೆ ದಕ್ಕಿದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಬಳಿಕ 1890ರಲ್ಲಿ ಭಾನುವಾರದ ಬಿಡುವು ಸಿಕ್ಕಿತು. 1948ರ ಕಾರ್ಖಾನೆ ಕಾಯ್ದೆಯೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ವಾರಕ್ಕೊಂದು ವಿಶ್ರಾಂತಿಯ ದಿನವನ್ನು ವಿಧಿಸಿದವು. ಆ ದಿನ ದುಡಿಸಿಕೊಳ್ಳಬೇಕಾಗಿ ಬಂದರೂ ಬಿಡುವಿಲ್ಲದೆ ಸತತ ಹತ್ತು ದಿನ ಮೀರಕೂಡದೆಂದವು. ನಮ್ಮ ರೈತರಾದರೋ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವವರಲ್ಲ. ಅಂದು ಒಡೆಯನು ಹಗ್ಗ ಹೊಸೆದಾನು, ಸಂತೆಗೆ ಹೋದಾನು. ಎತ್ತು ಮಾತ್ರ ಮಲಗಿ ಮೆಲುಕು ಹಾಕುತ್ತದೆ.

ನಲವತ್ತಾರರ ವಯಸ್ಸಿನ ಬಸ್ ಚಾಲಕರೊಬ್ಬರು ಎದೆಯುರಿ, ಹುಳಿತೇಗು, ಕಣ್ಣುರಿಯೆಂದು ನಮ್ಮಲ್ಲಿಗೆ ಬಂದರು. ಅಮ್ಲಪಿತ್ತವೆಂದು ನಿರ್ಣಯಿಸಿ ಅವಿಪತ್ತಿಕರ ಚೂರ್ಣ ಕೊಟ್ಟೆವು, ಖಾರ ಬಿಡಿಸಿದೆವು. ಐದು ತಿಂಗಳಾದರೂ ಗುಣ ಕಾಣಲಿಲ್ಲ. ಒಮ್ಮೆ ಜೊತೆಯಲ್ಲಿ ಬಂದ ಅವರ ಮಡದಿ, “ಇವರು ವೀಕ್ ಆಫ್ ದಿನವೂ ಡ್ಯೂಟಿಗೆ ಹೋಗ್ತಾರೆ ಸಾರ್, ಮಗಳ ಕಾಲೇಜಿನ ಫೀಸು ಕಟ್ಟಬೇಕಲ್ಲ” ಎಂದರು. ಹಿಂದಿನ ವಾರ ರಾತ್ರಿ ಸ್ಟೇರಿಂಗ್ ಹಿಡಿದಂತೆಯೇ ತೂಕಡಿಸಿದ್ದರಂತೆ. ಕಂಡಕ್ಟರ್ ಕೂಗಿದ್ದರಿಂದ ಬಸ್ಸು ರಸ್ತೆಯ ಮೇಲೆಯೇ ಉಳಿಯಿತು. ಎಷ್ಟು ಗಂಟೆ ನಿದ್ರೆಯೆಂದು ನಾವು ಕೇಳಿದ್ದೆವು, ಏಳೆಂದಿದ್ದರು. ಯಾವ ಹೊತ್ತಿನಲ್ಲಿ, ಎಷ್ಟು ತುಂಡಾಗಿ ಎಂದು ಕೇಳಿರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ನಾಡಿ ಹಿಡಿದ ನಮ್ಮಿಂದ ಆದ ಲೋಪವಿದು.

ರಾತ್ರಿ ಜಾಗರಣೆ ದೇಹವನ್ನು ರೂಕ್ಷಗೊಳಿಸಿ ವಾತವನ್ನು ಕೆರಳಿಸುತ್ತದೆ. ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ, ಉಣ್ಣುವ ಮೊದಲೇ ಮಲಗಿ ತುಂಬಿಕೊಳ್ಳಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟಾಚಾರ್ಯರು ವಿಧಿಸಿದ್ದಾರೆ. ಎಂಟು ಗಂಟೆ ತಪ್ಪಿದ್ದರೆ ನಾಲ್ಕು. ನಮ್ಮವರು ಇದನ್ನು ತಿರುವುಮುರುವು ಮಾಡುತ್ತಾರೆ. ಬಿಡುವಿನ ಹಿಂದಿನ ರಾತ್ರಿ ಒಂದರವರೆಗೆ ಮೊಬೈಲು, ಮಧ್ಯಾಹ್ನ ಹೋಳಿಗೆ ತುಪ್ಪದ ಊಟ, ಉಂಡೊಡನೆ ಸಂಜೆಯವರೆಗೆ ನಿದ್ರೆ. ಇದರಿಂದ ಕಫಪಿತ್ತಗಳು ಹೆಚ್ಚಿ ಮರುದಿನ ತಲೆ ಭಾರವಾಗುತ್ತದೆ. ಗ್ರೀಷ್ಮದಲ್ಲಿ ಹಗಲುನಿದ್ರೆ ಹಿತ. ಬಾಲಕರು, ವೃದ್ಧರು, ಯಾನದಿಂದ ದಣಿದವರು ಇತರ ಋತುಗಳಲ್ಲಿಯೂ ಮಲಗಬಹುದೆಂದು ಶಾಸ್ತ್ರವೇ ಅನುಮತಿಸಿದೆ. ನಮ್ಮ ಚಾಲಕರು ಈ ಕೊನೆಯ ವರ್ಗಕ್ಕೆ ಸೇರಿದವರು.

ಗಾರ್ಮೆಂಟ್ಸ್ ತಾಯಂದಿರ ವೀಕ್ ಆಫ್ ಇನ್ನೂ ವಿಚಿತ್ರ. ವಾರದ ಬಟ್ಟೆಯೆಲ್ಲ ಆ ದಿನಕ್ಕೇ ಕಾದಿರುತ್ತದೆ. ಸೊಂಟನೋವಿನ ಎಣ್ಣೆ ಕೇಳಿ ಬಂದವರಿಗೆ ಎಣ್ಣೆ ಕೊಡುತ್ತೇವೆ. ಜೊತೆಗೆ ಬಂದ ಯಜಮಾನರಿಗೆ ಅರ್ಧ ಬಟ್ಟೆ ಒಗೆಯುವ ವ್ಯಾಯಾಮವನ್ನೂ ಬರೆದುಕೊಡುತ್ತೇವೆ. ನಕ್ಕು ಹೋಗುತ್ತಾರೆ. ಒಬ್ಬಿಬ್ಬರು ಮಾಡಿದ್ದೂ ಉಂಟು.

ಆ ಚಾಲಕರಿಗೆ ಔಷಧವನ್ನು ಅರ್ಧಕ್ಕಿಳಿಸಿ, ಗುರುವಾರದ ಬಿಡುವನ್ನು ಮಾರಿಕೊಳ್ಳಬಾರದೆಂದೂ, ಅಂದು ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರ ಸ್ನಾನ ಮಾಡಬೇಕೆಂದೂ, ರಾತ್ರಿ ಪಾಳಿ ಮುಗಿದಾಗಲೆಲ್ಲ ಬರಿಹೊಟ್ಟೆಯಲ್ಲಿ ಮಲಗಬೇಕೆಂದೂ ಹೇಳಿದೆವು. ಫೀಸಿಗೆ ಸೊಸೈಟಿಯಲ್ಲಿ ಸಾಲ ಎತ್ತಿದರು. ಎರಡು ತಿಂಗಳಲ್ಲಿ ಎದೆಯುರಿ ಬಹಳ ಇಳಿಯಿತು, ಪೂರ್ತಿ ಹೋಗಲಿಲ್ಲ. ಸಾಲದ ಕಂತು ಇನ್ನೂ ಇದೆ. ಕಳೆದ ಗುರುವಾರ ಬರಬೇಕಾಗಿದ್ದವರು ದೂರವಾಣಿ ಮಾಡಿ, “ವೀಕ್ ಆಫ್ ಕ್ಯಾನ್ಸಲ್ ಆಯ್ತು ಡಾಕ್ಟ್ರೇ, ಚೂರ್ಣ ಬಸ್ಸಿಗೇ ಕೊಟ್ಟು ಕಳಿಸಿ” ಎಂದರು. ಮುಂದಿನ ಗುರುವಾರ ತಾವೇ ಬಂದು ಒಯ್ಯಬೇಕೆಂದು ಹೇಳಿದ್ದೇವೆ.